ಮರೆತದ್ದೋ, ಬಿಟ್ಟದ್ದೋ

"ನನಗೆ ಜೋಡಿ ಬೇಡ ಮೇಡಂ. ಒಬ್ಬನೇ ಬರ್ತಿದೀನಿ, ಒಬ್ಬನೇ ಇರ್ತೀನಿ."

ಪುಣೆಯ ಸದಾಶಿವ ಪೇಠದ ಆ ಹಳೆಯ ಸಭಾಗೃಹದಲ್ಲಿ ಬಟಾಟೆವಡೆ ತಿನ್ನುತ್ತಿದ್ದವರೆಲ್ಲ ಕೈ ನಿಲ್ಲಿಸಿ ಹಿಂದಿನ ಸಾಲಿನತ್ತ ತಿರುಗಿದರು. ಮಡಗಾಸ್ಕರ್ ದ್ವೀಪಕ್ಕೆ ಹೊರಟವರ ಪರಿಚಯದ ಸಭೆ ಅದು. ಎಲ್ಲವೂ ಮರಾಠಿಯಲ್ಲಿ ನಡೆದಿತ್ತು. ಈ ಮನುಷ್ಯ ಮಾತ್ರ ಕನ್ನಡದಲ್ಲಿ ಮಾತಾಡಿದ್ದ, ಅದೂ ವೇದಿಕೆಯ ಮೇಲೆ ಮೈಕ್ ಹಿಡಿದು ನಿಂತವಳ ಕಣ್ಣಲ್ಲಿ ಕಣ್ಣಿಟ್ಟು.

ವೇದಿಕೆಯ ಮೇಲಿದ್ದವಳು ರೇಣು, ಟೂರ್ ಲೀಡರ್. ಸಭೆಗೆ ಮೊದಲು ಅವಳು ಫೋನಿನಲ್ಲಿ ಅಪ್ಪನ ಜೊತೆ ಕನ್ನಡ ಆಡಿದ್ದು ಇವನ ಕಿವಿಗೆ ಬಿದ್ದಿರಬೇಕು.

ಅವಳ ಕಂಪನಿಯಲ್ಲೊಂದು ಪದ್ಧತಿಯಿತ್ತು. ಅಲ್ಲಿ ತಲೆ ಎಣಿಸುತ್ತಿರಲಿಲ್ಲ. ಎಣಿಸುವಾಗ ಒಬ್ಬರು ಚಹಾಕ್ಕೆ ಇಳಿಯುತ್ತಾರೆ, ಇನ್ನೊಬ್ಬರು ಫೋಟೋ ತೆಗೆಯಲು ಓಡುತ್ತಾರೆ, ಲೆಕ್ಕ ತಪ್ಪುತ್ತದೆ. ಅದರ ಬದಲು ಪ್ರತಿಯೊಬ್ಬರಿಗೂ ಒಂದು ಜೋಡಿ. ಗಾಡಿ ಹೊರಡುವ ಮೊದಲು ಲೀಡರ್ ಕಿಟಕಿಗೆ ಬಂದು "ಜೋಡಿ ಆಹೇ?" ಎಂದು ಮರಾಠಿಯಲ್ಲಿ ಕೇಳಬೇಕು. ಪ್ರತಿಯೊಬ್ಬರೂ ತಮ್ಮ ಜೋಡಿಯವರ ಮುಖವನ್ನು ಕಣ್ಣಾರೆ ನೋಡಿ, ಇದ್ದಾರೆ ಅನ್ನುವ ಅರ್ಥದಲ್ಲಿ "ಆಹೇ" ಅನ್ನಬೇಕು. ನೋಡದೆ ಅನ್ನುವಂತಿಲ್ಲ. ಗಂಡನಿಗೆ ಹೆಂಡತಿ ಜೋಡಿ, ಅಕ್ಕನಿಗೆ ತಂಗಿ ಜೋಡಿ.

"ಜೋಡಿ ಬ್ಯಾಡ ಅಂದ್ರ ಟೂರೂ ಬ್ಯಾಡ್ರಿ," ಎಂದಳು ರೇಣು. "ಒಂಟಿ ಬಂದವರಿಗೆ ಲೀಡರೇ ಜೋಡಿ."

"ಅಂದ್ರೆ ನೀವಾ?"

"ಹೌದ್ರಿ. ನಾನೇ."

ಭಾಷೆ ತಿಳಿಯದವರಿಗೂ ವಿಷಯ ತಿಳಿಯಿತು. ಯಾರೋ ಕಿಸಕ್ಕನೆ ನಕ್ಕರು. ರೇಣುವಿನ ಕಿವಿ ಬಿಸಿಯಾಯಿತು. ಇಂಥ ಬಿಗುಮಾನದವನಿಗೆ ನಾನು ಜೋಡಿಯಾಗಬೇಕಾ... ಯಾವ ಜನ್ಮದ ಪಾಪವೋ ಎಂದುಕೊಂಡಳು.

ಸಭೆ ಮುಗಿದ ಮೇಲೆ ಕಂಪನಿಯ ಮಾಲೀಕ ಕೇದಾರ ಅವಳನ್ನು ಬದಿಗೆ ಕರೆದು ವಿವರ ಕೊಟ್ಟ. ಹೆಸರು ಪುನೀತ. ಮದ್ದೂರಿನ ಕಡೆಯವನು, ಖರಾಡಿಯಲ್ಲಿ ಐಟಿ ಕೆಲಸ. ಎರಡು ಸೀಟು ಬುಕ್ ಮಾಡಿದ್ದವನು ಕೊನೆಯ ಗಳಿಗೆಯಲ್ಲಿ ಒಂದನ್ನು ರದ್ದು ಮಾಡಿಸಿದ. ಯಾಕೆಂದು ಕೇಳಲು ಹೋಗಬೇಡ ಎಂದ ಕೇದಾರ. ಇದು ರೇಣು ಒಬ್ಬಳೇ ನಡೆಸುವ ಮೊದಲ ವಿದೇಶ ಪ್ರವಾಸ. ಒಳ್ಳೆಯ ರೀತಿಯಲ್ಲಿ ಮುಗಿದರೆ ಅವಳ ಕೆಲಸ ಕಾಯಂ ಆಗುತ್ತಿತ್ತು.

ಆ ಕೆಲಸ ಅವಳಿಗೆ ಎಷ್ಟು ಬೇಕಾಗಿತ್ತು ಅನ್ನುವುದು ಕೇದಾರನಿಗೆ ಗೊತ್ತಿರಲಿಲ್ಲ.

ರೇಣುವಿನ ಅಪ್ಪ ಶಿವರುದ್ರಪ್ಪನವರಿಗೆ ಅದೇ ಪೇಠದಲ್ಲಿ ಇಳಕಲ್ ಸೀರೆಯ ಅಂಗಡಿ. ಮಗಳನ್ನು ವಿಜಯಪುರದ ದೊಡ್ಡ ಮನೆಗೆ ಕೊಟ್ಟಿದ್ದರು. ಆ ಗಂಡ ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ದಿನಾ ಬೆಳಿಗ್ಗೆ ಹೊರಗಿನಿಂದ ಬೀಗ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದ, ಅಷ್ಟೇ. ಮೊದಲ ವರ್ಷದ ನಾಗರಪಂಚಮಿಗೆ ತವರಿಗೆ ಬಂದ ರೇಣು ತಿರುಗಿ ಹೋಗಲಿಲ್ಲ. ಕೋರ್ಟಿನಲ್ಲಿ ಎಲ್ಲ ಮುಗಿದು ಮೂರು ವರ್ಷವಾಗಿತ್ತು.

ಆದರೆ ಅಂಗಡಿಗೆ ಬರುವ ಗಿರಾಕಿಗಳು ಕೇಳಿದರೆ ಶಿವರುದ್ರಪ್ಪನವರು ಹೇಳುವುದೇ ಬೇರೆ. "ಅಳಿಯ ದುಬೈದಾಗ ಅದಾನ್ರಿ. ಮಗಳು ಸುಮ್ನ ಕೂಡೂದು ಬ್ಯಾಡಂತ ಟೂರ್ ಮ್ಯಾಲೆ ಹೋಗ್ತಾಳ."

ಮರ್ಯಾದಸ್ಥರ ಸುಳ್ಳಿಗೆ ಸಾಮಾನು ಬೇಕಾಗುತ್ತದೆ ನೋಡಿ. ಮಗಳು ಮನೆಯಲ್ಲಿ ಕೂತರೆ ದುಬೈಗೆ ಯಾಕೆ ಹೋಗಲಿಲ್ಲ ಅನ್ನುತ್ತಾರೆ, ಅದಕ್ಕೇ ಈ ನೌಕರಿ. ಕೊರಳು ಖಾಲಿ ಕಂಡರೆ ಬೇರೆಯದೇ ಅನ್ನುತ್ತಾರೆ, ಅದಕ್ಕೇ ಮಂಗಳಸೂತ್ರ. ಹಳೆಯದನ್ನು ಕೋರ್ಟಿನ ಹೊತ್ತಿನಲ್ಲಿ ಗಂಡನ ಮನೆಯವರು ಕಿತ್ತುಕೊಂಡಿದ್ದರು. ಇದು ಅಪ್ಪನೇ ಹೊಸದಾಗಿ ಮಾಡಿಸಿಕೊಟ್ಟದ್ದು. ಪುಣೆಯಲ್ಲಿ ಇರುವಷ್ಟು ದಿನ ರೇಣು ಅದನ್ನು ಹಾಕಿಕೊಳ್ಳುತ್ತಿದ್ದಳು. ಮುಂಬೈ ವಿಮಾನ ನಿಲ್ದಾಣದಲ್ಲಿ ಬಿಚ್ಚಿ ಪರ್ಸಿಗೆ ಹಾಕುತ್ತಿದ್ದಳು. ಆಮೇಲೆ ಪ್ರವಾಸ ಮುಗಿಯುವ ತನಕ ಅವಳ ಕುತ್ತಿಗೆ ಅವಳದಾಗಿರುತ್ತಿತ್ತು.

*

ಮಡಗಾಸ್ಕರಿನಲ್ಲಿ ಅವರನ್ನು ಸೇರಿಕೊಂಡವನು ಹೆರಿ, ಆ ನೆಲದವನೇ ಆದ ಗೈಡ್. ಸಣ್ಣ ಆಳು, ಮೆಲು ದನಿ. ರಾಜಧಾನಿಯಿಂದ ಪೂರ್ವದ ಮಳೆಕಾಡಿಗೆ, ಅಲ್ಲಿಂದ ತಿರುಗಿ ಬೆಟ್ಟ ಇಳಿದು ಪಶ್ಚಿಮದ ಒಣ ಬಯಲಿಗೆ, ಕೆಂಪು ಧೂಳಿನ ದಾರಿಯಲ್ಲಿ ಜೀಪುಗಳ ಸಾಲು ಹೊರಟಿತು.

ಪುನೀತ ಮೊದಲೆರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಆದರೆ ಪದ್ಧತಿ ಅಂದರೆ ಪದ್ಧತಿ. ಪ್ರತಿ ಸಲ ಗಾಡಿ ಹೊರಡುವಾಗ ರೇಣು ಅವನ ಮುಖ ನೋಡಬೇಕು, ಅವನು ರೇಣುವಿನ ಮುಖ ನೋಡಬೇಕು. "ಆಹೇ" ಅನ್ನಬೇಕು. ದಿನಕ್ಕೆ ಹತ್ತು ಸಲ ಒಬ್ಬರನ್ನೊಬ್ಬರು ಹೀಗೆ ನೋಡಬೇಕಾಗಿ ಬಂದರೆ ಯಾರ ಬಿಗುಮಾನ ಎಷ್ಟು ದಿನ ಉಳಿದೀತು ಹೇಳಿ!

ಮಳೆಕಾಡಿನಲ್ಲಿ ಒಂದು ಬೆಳಿಗ್ಗೆ ಮಂಜಿನೊಳಗಿಂದ ಕೂಗು ಕೇಳಿಸಿತು. ಶಂಖದಂಥ ದನಿ, ಮೇಲೇರಿ ಇಳಿದು ಮತ್ತೆ ಏರುವುದು. ಹೆರಿ ಕೊಂಬೆಯತ್ತ ತೋರಿಸಿದ. ಕಪ್ಪು ಬಿಳುಪು ಮೈಯ, ಮೋಟುಬಾಲದ ಎರಡು ಪ್ರಾಣಿಗಳು ಮರಕ್ಕೆ ಅವುಚಿಕೊಂಡು ಕೂತಿದ್ದವು. ಇಂದ್ರಿ ಅಂತ ಹೆಸರು, ಮಂಗನನ್ನು ಹೋಲುವ ಲೆಮೂರ್ ಜಾತಿಯಲ್ಲೇ ದೊಡ್ಡದು. ಗಂಡು ಹೆಣ್ಣು ಸೇರಿಯೇ ಹಾಡುತ್ತವೆ, ಒಂದು ನಿಲ್ಲಿಸಿದಲ್ಲಿ ಇನ್ನೊಂದು ಎತ್ತಿಕೊಳ್ಳುತ್ತದೆ ಎಂದು ಹೆರಿ ವಿವರಿಸಿದ. ಹಿಡಿದು ಬೋನಿಗೆ ಹಾಕಿದರೆ ಇವು ಬದುಕುವುದಿಲ್ಲ ಅಂತಲೂ ಹೇಳಿದ.

ಬೋನು ಅಂದದ್ದೇ ತಡ, ರೇಣುವಿಗೆ ವಿಜಯಪುರದ ಬಾಗಿಲು ನೆನಪಾಯಿತು. ಕಣ್ಣು ತುಂಬಿತು. ಟೂರ್ ಲೀಡರ್ ಅಳುವಂತಿಲ್ಲ... ಅವಳು ಮುಖ ತಿರುಗಿಸಿಕೊಂಡಳು. ಪುನೀತ ಕ್ಯಾಮೆರಾ ಎತ್ತಿಕೊಂಡು ಬಂದು, ಉಳಿದವರಿಗೆ ಅವಳು ಕಾಣದ ಹಾಗೆ ಅಡ್ಡ ನಿಂತುಕೊಂಡ. ಅವಳು ಕಣ್ಣು ಒರೆಸಿಕೊಳ್ಳುವ ತನಕ ಅಲ್ಲೇ ನಿಂತು, ತೆಗೆಯಬೇಕಾಗಿಲ್ಲದ ಫೋಟೋಗಳನ್ನು ತೆಗೆಯುತ್ತಲೇ ಇದ್ದ.

ಅವತ್ತಿನಿಂದ ಅವನ ಮುಖ ನೋಡುವಾಗ ರೇಣು "ಆಹೇ" ಅನ್ನುವುದು ಸ್ವಲ್ಪ ತಡವಾಗತೊಡಗಿತು.

ದಾರಿಯಲ್ಲಿ ಒಂದು ಕಡೆ ಆ ಊರಿನವರ ಹಿರಿಯರ ಸಮಾಧಿಗಳು ಬಂದವು. ಪ್ರವಾಸಿಗಳಲ್ಲಿ ಹಿರಿಯಳಾದ ಸ್ನೇಹಲ್ ಕಾಕು, ಧಾರವಾಡದ ತವರಿನವಳು, ಮದುವೆಯಾಗಿ ಪುಣೆಯವಳಾದವಳು, ಅದೇನು ಎಂದು ಬೆರಳು ನೀಡಿ ಕೇಳಿದಳು. ಹೆರಿ ನಗುತ್ತಲೇ ಅವಳ ಬೆರಳನ್ನು ಮೆಲ್ಲಗೆ ಮಡಿಸಿದ. ಇಲ್ಲಿ ಸಮಾಧಿಯ ಕಡೆಗಾಗಲಿ, ಹಿರಿಯರ ಕಡೆಗಾಗಲಿ ನೆಟ್ಟಗೆ ಬೆರಳು ಮಾಡಬಾರದು, ಬಾಗಿಸಿ ತೋರಿಸಬೇಕು ಎಂದ.

"ಈ ಪದ್ಧತಿ ನಮ್ಮ ಸೊಸೈಟಿ ಮೀಟಿಂಗಿನಾಗ ತಂದ್ರ ಅರ್ಧಾ ಜಗಳ ಕಮ್ಮಿ ಆಗತಾವ ನೋಡು," ಅಂದಳು ಕಾಕು. ಎಲ್ಲರೂ ನಕ್ಕರು. ಪುನೀತನೂ ನಕ್ಕ. ನಕ್ಕರೆ ಅವನ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆಂದು ರೇಣುವಿಗೆ ಅವತ್ತೇ ಗೊತ್ತಾದದ್ದು.

ಅದೇ ಸಂಜೆ ಜೀಪಿನಲ್ಲಿ ಅವನು ಮೆಲ್ಲಗೆ ಕೇಳಿದ. "ಹಾಲ್‌ನಲ್ಲಿ ನಿಮ್ಮ ಕೊರಳಲ್ಲಿ ಮಂಗಳಸೂತ್ರ ಇತ್ತು. ಇಲ್ಲಿ ಇಲ್ಲ."

ರೇಣುವಿನ ಕೈ ಬರಿ ಕುತ್ತಿಗೆಗೆ ಹೋಯಿತು. ನಿಜ ಹೇಳಿಬಿಡಲೇ? ಹೇಳಿದರೆ ಈ ಗುಳಿ, ಈ ನಗು... ಬಿಟ್ಟು ಬಂದವಳು ಅಂದ ಕೂಡಲೇ ಗಂಡಸರ ಕಣ್ಣು ಹೇಗೆ ಬದಲಾಗುತ್ತದೆಂದು ಅವಳು ಕಂಡಿದ್ದಳು.

"ಅದು ಸುಳ್ಳದರಿ," ಎಂದಳು. "ಪುಣೆಯೊಳಗ ವರ ತೋರಿಸಾವರ ಕಾಟ ತಪ್ಪಲಿ ಅಂತ ಹಾಕ್ಕೋತೀನಿ. ನನಗ ಲಗ್ನ ಆಗಿಲ್ಲ."

ಅವನು ನಂಬಿದ. ಅಪ್ಪ ಅದನ್ನು ನಿಜವೆಂದು ತೋರಿಸುತ್ತಿದ್ದರು, ಮಗಳು ಆಟವೆಂದು ತೋರಿಸಿದಳು. ಎರಡೂ ಸುಳ್ಳೇ.

*

ಪಶ್ಚಿಮದ ಬಯಲಿಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ಮಣ್ಣುರಸ್ತೆಯ ಎರಡೂ ಬದಿಗೆ ಬಾವೋಬಾಬ್ ಮರಗಳು ನಿಂತಿದ್ದವು. ಹತ್ತು ಜನ ಕೈ ಹಿಡಿದರೂ ತಬ್ಬಲಾಗದ ಬೊಡ್ಡೆ, ತುದಿಯಲ್ಲಿ ಮಾತ್ರ ನಾಲ್ಕು ಕೊಂಬೆ. ಬೇರನ್ನು ಮೇಲೆ ಮಾಡಿ ನೆಟ್ಟ ಹಾಗೆ ಕಾಣುತ್ತಿದ್ದವು. ಸವಣೂರಿನ ದೊಡ್ಡಹುಣಸೆ ಮರಗಳು ಇದೇ ಜಾತಿಯವು, ಚಿಕ್ಕವಳಿದ್ದಾಗ ನೋಡಿದ್ದೇನೆ ಎಂದಳು ರೇಣು. ಅದಕ್ಕೂ ಮೊದಲು ಕಾಡಿನಲ್ಲಿ ಬಿಳಿಯ ಸಿಫಾಕಾ ಲೆಮೂರುಗಳು ಕೈ ಮೇಲೆತ್ತಿಕೊಂಡು ನೆಲದ ಮೇಲೆ ಅಡ್ಡಡ್ಡ ಕುಪ್ಪಳಿಸಿದ್ದನ್ನು ನೋಡಿ ಎಲ್ಲರೂ ಮಕ್ಕಳ ಹಾಗಾಗಿದ್ದರು. ಅವಳ ಮನಸ್ಸೂ ಹಗುರವಾಗಿತ್ತು.

ಪುನೀತ ಮಾತ್ರ ಕ್ಯಾಮೆರಾ ಹೊರಗೆ ತೆಗೆದಿರಲಿಲ್ಲ. ಉಳಿದವರು ಫೋಟೋದಲ್ಲಿ ಮುಳುಗಿದ್ದಾಗ ಅವಳ ಪಕ್ಕಕ್ಕೆ ಬಂದ.

"ರೇಣು, ಒಂದು ವಿಷಯ ಹೇಳ್ಬೇಕು. ನನಗೆ ಮದುವೆ ಆಗಿದೆ. ಅವಳ ಹೆಸರು ಸಿಂಧೂರ. ಕ್ಯಾನ್ಸಲ್ ಮಾಡಿಸಿದ ಸೀಟು ಅವಳದ್ದು. ನಾವು ಜಗಳ ಆಡಲಿಲ್ಲ... ಮಾತು ನಿಂತುಹೋಯ್ತು, ಅಷ್ಟೆ. ಇಬ್ಬರೂ ಒಪ್ಪಿ ಡಿವೋರ್ಸ್‌ಗೆ ಹಾಕಿದೀವಿ, ಇನ್ನೂ ಆಗಿಲ್ಲ. ನಿಮ್ಮ ಹತ್ರ ಮುಚ್ಚಿಡೋಕೆ ಆಗ್ತಿಲ್ಲ. ಯಾಕಂದ್ರೆ..."

ಯಾಕೆಂದು ಅವನು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಇಲ್ಲಿ, ಈ ಒಂದು ಗಳಿಗೆಯಲ್ಲಿ, ರೇಣು ಬಾಯಿ ತೆರೆದು "ನಂದೂ ಹಂಗೇ ಆಗೇದ್ರಿ" ಅಂದಿದ್ದರೆ ಈ ಕಥೆಯಲ್ಲಿ ಇಷ್ಟು ಕಹಿ ಇರುತ್ತಿರಲಿಲ್ಲ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಬುದ್ಧಿ ಮನುಷ್ಯರದ್ದು. ಅವನ ನಿಜ ಅವಳ ಸುಳ್ಳಿನ ಮೇಲೆ ಬೆಳಕು ಬಿಟ್ಟಿತ್ತು. ಅವನು ಇಷ್ಟು ಸಲೀಸಾಗಿ ಹೇಳಿದ್ದನ್ನು ತಾನು ಮೊನ್ನೆಯಷ್ಟೇ ನಗುನಗುತ್ತಾ ಮುಚ್ಚಿಟ್ಟಿದ್ದಳು. ಆ ನಾಚಿಕೆ ಸಿಟ್ಟಾಗಿ ಹೊರಬಂತು.

"ಲಗ್ನ ಆದಾವರು ಹಿಂಗ ಹೆಣ್ಣಮಕ್ಕಳ ಮುಂದ ದುಃಖ ತೋಡಿಕೋತ ಅಡ್ಡಾಡಬಾರದ್ರಿ. ನಾನು ಅಂಥಾಕಿ ಅಲ್ಲ."

ಅಂದ ಮರುಗಳಿಗೆಯೇ ನಾಲಿಗೆ ಕಚ್ಚಿಕೊಂಡಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪುನೀತನ ಮುಖ ಕಳೆಗುಂದಿತು. ತಲೆ ಆಡಿಸಿದ, ಕ್ಷಮಿಸಿ ಎಂದ, ಹಿಂದಿನ ಜೀಪಿನತ್ತ ನಡೆದುಹೋದ.

ಮರುದಿನ ಬೆಳಿಗ್ಗೆ ಅವನು ಅವಳ ಜೀಪಿಗೆ ಬರಲಿಲ್ಲ. ಕೊನೆಯ ಜೀಪಿನಲ್ಲಿ ಸ್ನೇಹಲ್ ಕಾಕುವಿನ ಪಕ್ಕ ಕೂತಿದ್ದ.

*

ಅವತ್ತು ಹೋದದ್ದು ಕಲ್ಲಿನ ಕಾಡಿಗೆ. ತ್ಸಿಂಗಿ ಅನ್ನುತ್ತಾರೆ. ಮರದ ಬದಲು ಬೂದುಬಣ್ಣದ ಸುಣ್ಣಕಲ್ಲು, ಸಾವಿರಾರು ಚೂಪು ಕೋಡುಗಳಾಗಿ ಆಕಾಶಕ್ಕೆ ಎದ್ದು ನಿಂತಿದೆ. ಬರಿಗಾಲಲ್ಲಿ ನಡೆದರೆ ಪಾದ ಸೀಳುತ್ತದೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಏಣಿ ಹತ್ತಿ, ತೂಗುಸೇತುವೆ ದಾಟಿ, ಬಿರುಕುಗಳಲ್ಲಿ ಮೈ ತೂರಿಸಿ ಹೋಗಬೇಕು. ಅಂಥ ಕಲ್ಲಿನ ಮೇಲೂ ಬಿಳಿ ಲೆಮೂರೊಂದು ಮರಿ ಅಪ್ಪಿಕೊಂಡು ಕೂತಿತ್ತು. ರೇಣು ಯಾವುದನ್ನೂ ಸರಿಯಾಗಿ ನೋಡಲಿಲ್ಲ. ಅವಳ ಕಣ್ಣು ನೆಲದಲ್ಲಿತ್ತು, ಮನಸ್ಸು ನಿನ್ನೆಯ ಮಾತಿನಲ್ಲಿತ್ತು.

ಇಳಿದು ಬಂದ ಮೇಲೆ ಸ್ನೇಹಲ್ ಕಾಕುವಿಗೆ ಟೋಪಿ ನೆನಪಾಯಿತು. ಏಣಿಯ ಹತ್ತಿರ ಬಿಟ್ಟು ಬಂದಿದ್ದಳು. ಪುನೀತ ತಾನು ತರುತ್ತೇನೆಂದು ಹೋದ, ಲೀಡರಿಗೆ ಹೇಳಿಬಿಡಿ ಎಂದೂ ಅಂದ. ಕಾಕು ಹೂಂ ಅಂದಳು. ಜೀಪಿನಲ್ಲಿ ಕೂತು, ದಣಿದು, ನಿದ್ದೆ ಹೋದಳು.

ರೇಣು ಒಂದೊಂದೇ ಕಿಟಕಿಗೆ ಬಂದಳು. ಜೋಡಿ ಆಹೇ? ಆಹೇ. ಜೋಡಿ ಆಹೇ? ಆಹೇ. ಕೊನೆಯ ಜೀಪಿನ ಗಾಜಿಗೆ ಧೂಳು ಮೆತ್ತಿತ್ತು. ಒಳಗೆ ಬಗ್ಗಿ ನೋಡಬೇಕು. ನೋಡಿದರೆ ಅವನ ಮುಖ ಕಾಣುತ್ತದೆ... ಅವಳು ರಸ್ತೆಯತ್ತ ಮುಖ ತಿರುಗಿಸಿ, ತನ್ನ ಜೋಡಿಯ ಪರವಾಗಿ ತಾನೇ "ಆಹೇ" ಅಂದಳು. ಜೀಪುಗಳು ಹೊರಟವು. ಕೊನೆಯ ಜೀಪಿನವರು ಅವನು ಮೊದಲಿನಂತೆ ಲೀಡರ್ ಜೊತೆ ಮುಂದೆ ಕೂತಿರಬೇಕು ಅಂದುಕೊಂಡರು.

ವಸತಿಗೆ ತಲುಪಿದ ಮೇಲೆ ಪುನೀತ ಯಾವ ಜೀಪಿನಲ್ಲೂ ಇಲ್ಲವೆಂದು ಗೊತ್ತಾಯಿತು. ರೇಣು ಹೆರಿಯನ್ನು ಕರೆದುಕೊಂಡು ಅದೇ ದಾರಿಯಲ್ಲಿ ವಾಪಸ್ ಹೊರಟಳು. ಹೊತ್ತು ಮುಳುಗುತ್ತಿತ್ತು. ದೇವರೇ, ಅವನಿಗೇನೂ ಆಗದಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡಳು.

ಅವನು ಒಂದು ಬಂಡೆಗೆ ಒರಗಿ ಕೂತಿದ್ದ. ಏಣಿಯಿಂದ ಜಾರಿದ್ದ, ಬಲ ಪಾದದ ಕೀಲು ಮುರಿದಿತ್ತು. ಜೀಪುಗಳ ಸದ್ದು ಕೇಳಿ, ಕುಂಟಿಕೊಂಡು, ತೆವಳಿಕೊಂಡು ಬಂದಾಗ ಧೂಳು ಮಾತ್ರ ಕಂಡಿತ್ತಂತೆ. ಮಡಿಲಲ್ಲಿ ಕಾಕುವಿನ ಟೋಪಿ ಇತ್ತು.

ರೇಣುವನ್ನು ಕಂಡು ಅವನು ಕೇಳಿದ್ದು ಒಂದೇ. "ಮರೆತುಹೋದ್ರಾ... ಬಿಟ್ಟುಹೋದ್ರಾ?"

ಮರೆತೆ ಅಂದರೆ ಅವನು ಅವಳಿಗೆ ಏನೂ ಅಲ್ಲ ಎಂದಾಗುತ್ತದೆ. ಬಿಟ್ಟೆ ಅಂದರೆ ಅವಳು ಮನುಷ್ಯಳೇ ಅಲ್ಲ ಎಂದಾಗುತ್ತದೆ.

"ಸಾರಿ ಸರ್," ಅಂದಳು, ಆಫೀಸಿನ ದನಿಯಲ್ಲಿ.

ಪುನೀತ ಕಣ್ಣು ಮುಚ್ಚಿಕೊಂಡ. ಹೆರಿ ಅವನನ್ನು ಎತ್ತಿ ಜೀಪಿನಲ್ಲಿ ಕೂರಿಸಿದ.

*

ಪುಣೆಗೆ ಮರಳಿದ ವಾರಕ್ಕೆ ಕೇದಾರ ಫೋನ್ ಮಾಡಿದ. ದೂರು ಬಂದಿದೆ, ಸ್ನೇಹಮಿಲನದ ತನಕ ಆಫೀಸಿಗೆ ಬರಬೇಡ ಎಂದ. ಪ್ರವಾಸ ಮುಗಿದ ಮೇಲೆ ಎಲ್ಲರೂ ಅದೇ ಸಭಾಗೃಹದಲ್ಲಿ ಸೇರಿ, ಫೋಟೋ ನೋಡಿ, ಅದೇ ಬಟಾಟೆವಡೆ ತಿನ್ನುವುದಕ್ಕೆ ಸ್ನೇಹಮಿಲನ ಎಂದು ಹೆಸರು. ಮನೆಯವರನ್ನೂ ಕರೆಯುವ ರೂಢಿ.

ದೂರು ಕೊಟ್ಟವನು ಪುನೀತನೇ ಎಂದು ರೇಣುವಿಗೆ ಅನುಮಾನವೇ ಇರಲಿಲ್ಲ. ಕೊಡಲಿ, ಕೊಡಬೇಕಾದದ್ದೇ. ಆದರೂ ಒಳಗೆಲ್ಲೋ ಚುಚ್ಚಿತು. ಕಾಲು ಹೇಗಿದೆ ಎಂದು ಕೇಳಲು ಎಷ್ಟೋ ಸಲ ಫೋನ್ ಕೈಗೆತ್ತಿಕೊಂಡಳು, ಅಷ್ಟೇ ಸಲ ಕೆಳಗಿಟ್ಟಳು. ಅಂಗಡಿಯಲ್ಲಿ ಅಪ್ಪನ ಪಕ್ಕ ಕೂತು ಸೀರೆ ಮಡಚಿದಳು. ಕೊರಳಲ್ಲಿ ಮಂಗಳಸೂತ್ರ ಮತ್ತೆ ಬಂದಿತ್ತು. ಅಳಿಯನಿಗೆ ದುಬೈಯಲ್ಲಿ ಬಡ್ತಿ ಸಿಕ್ಕಿದೆ ಎಂದು ಶಿವರುದ್ರಪ್ಪನವರು ಒಬ್ಬ ಗಿರಾಕಿಗೆ ಹೇಳುತ್ತಿದ್ದರು.

ಸ್ನೇಹಮಿಲನದ ದಿನ ಅಪ್ಪನೂ ಬಂದರು. ಮಗಳ ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ಚಿಂತೆ ಅವರಿಗೂ ಇತ್ತು. ಕೆಲಸ ಹೋದರೆ ದುಬೈಯ ಕಥೆಯೂ ಕುಸಿಯುತ್ತದಲ್ಲ! ಮುಂದಿನ ಸಾಲಿನಲ್ಲಿ, ತಮ್ಮ ಅಂಗಡಿಯ ಗಿರಾಕಿಗಳ ನಡುವೆ ಕೂತರು.

ಪುನೀತ ಹಿಂದಿನ ಸಾಲಿನಲ್ಲಿದ್ದ. ಕೈಯಲ್ಲಿ ಕೋಲು, ಕಾಲಿಗೆ ಪಟ್ಟಿ. ರೇಣುವನ್ನು ನೋಡಿದ, ಕಣ್ಣು ಸರಿಸಲಿಲ್ಲ.

ಪರದೆಯ ಹಿಂದೆ ಕೇದಾರ ಅವಳಿಗೆ ವಿಷಯ ಬಿಡಿಸಿ ಹೇಳಿದ. ದೂರು ಕೊಟ್ಟದ್ದು ಸ್ನೇಹಲ್ ಕಾಕು. ಪುನೀತ ಬರೆದದ್ದೇ ಬೇರೆ, ತಪ್ಪು ತನ್ನದೇ, ಹೇಳದೆ ಗುಂಪು ಬಿಟ್ಟು ಹೋಗಿದ್ದೆ ಅಂತ. ರೇಣು ಪರದೆಯ ಅಂಚು ಸರಿಸಿ ಹಿಂದಿನ ಸಾಲಿನತ್ತ ನೋಡಿದಳು. ನಾನು ಅವನನ್ನು ಬಿಟ್ಟು ಬಂದೆ, ಅವನು ನನ್ನನ್ನು ಬಿಟ್ಟುಕೊಡಲಿಲ್ಲ...

ಆದರೆ ಪ್ರವಾಸಿಯ ಮೇಲೆ ತಪ್ಪು ಹೊರಿಸಿದರೆ ಕಂಪನಿಗೆ ಕೆಟ್ಟ ಹೆಸರು ಎಂದ ಕೇದಾರ. ಅದಕ್ಕೊಂದು ದಾರಿ ಹುಡುಕಿಟ್ಟಿದ್ದ.

"ಗೈಡ್ ಸರಿಯಾಗಿ ನೋಡಲಿಲ್ಲ ಅಂತ ಹೇಳು," ಎಂದ ಮರಾಠಿಯಲ್ಲಿ. "ಅವನಿಗೆ ಇನ್ನು ನಮ್ಮ ಕೆಲಸ ಕೊಡುವುದಿಲ್ಲ ಅಂತ ಹೇಳಿ ಮುಗಿಸೋಣ. ಸಮುದ್ರದ ಆಚೆ ಇರುವವನು, ಅವನಿಗೆ ಕೇಳಿಸುತ್ತದೆಯೇ? ನಾಳೆಯಿಂದ ನಿನ್ನ ಕೆಲಸ ಕಾಯಂ."

ರೇಣು ಮೈಕ್ ಹಿಡಿದಳು. ಬೆರಳು ಮಡಿಸಿ ತೋರಿಸಬೇಕೆಂದು ಕಲಿಸಿದವನ ಮೇಲೆಯೇ ಬೆರಳು ಮಾಡಬೇಕು, ಅಷ್ಟೇ. ಒಂದು ಮಾತು ಸಾಕು. ಕೆಲಸ ಉಳಿಯುತ್ತದೆ, ಅಪ್ಪನ ಮರ್ಯಾದೆ ಉಳಿಯುತ್ತದೆ, ಮುಂಬೈಯ ವಿಮಾನ ನಿಲ್ದಾಣ ಉಳಿಯುತ್ತದೆ. ಅಪ್ಪ ಮುಂದಿನ ಸಾಲಿನಿಂದ ಅವಳತ್ತ ನೋಡಿ ಮೆಲ್ಲಗೆ ತಲೆ ಆಡಿಸಿದರು.

ಹಿಂದಿನ ಸಾಲಿನಲ್ಲಿ ಕೋಲಿಗೆ ಗಲ್ಲ ಊರಿ ಅವನು ಕಾಯುತ್ತಿದ್ದ. ಆ ಬಂಡೆಯ ಹತ್ತಿರ ಕಾದಿದ್ದವನು ಇನ್ನೂ ಕಾಯುತ್ತಲೇ ಇದ್ದ.

ಅವಳು ಬೆರಳನ್ನು ತನ್ನ ಎದೆಗೇ ನೆಟ್ಟಗೆ ಇಟ್ಟುಕೊಂಡಳು. ತಪ್ಪು ಗೈಡಿನದಲ್ಲ, ಪುನೀತ ಅವರದ್ದೂ ಅಲ್ಲ, ಜೋಡಿಯ ಮುಖ ನೋಡದೆ ಆಹೇ ಅಂದವಳು ನಾನು ಎಂದು ಮರಾಠಿಯಲ್ಲಿ ಹೇಳಿದಳು. ಸಭೆ ಗುಜುಗುಜು ಅಂದಿತು. ಸ್ನೇಹಲ್ ಕಾಕು ಸೆರಗು ಸರಿಮಾಡಿಕೊಂಡಳು, ಟೋಪಿಯ ವಿಷಯ ಎತ್ತಲಿಲ್ಲ.

ಆಮೇಲೆ ರೇಣು ಕನ್ನಡಕ್ಕೆ ಹೊರಳಿದಳು. ಹಿಂದಿನ ಸಾಲಿಗೆ.

"ನೀವು ಅವತ್ತು ಕೇಳಿದ್ರಿ. ನಾ ಮರತಿರಲಿಲ್ರಿ. ಬಿಟ್ಟಿದ್ದೆ. ನಿಮ್ಮ ಮುಖ ನೋಡಿದ್ರ ನನ್ನ ಸುಳ್ಳು ನನಗ ಕಾಣತಿತ್ತು, ಅದಕ್ಕ ನೋಡಲಿಲ್ಲ. ನಂದೂ ಲಗ್ನ ಆಗಿತ್ರಿ. ಮುರದು ಮೂರು ವರ್ಷ ಆತು. ದುಬೈದಾಗ ಯಾರೂ ಇಲ್ಲ."

ಕೊನೆಯ ಮಾತು ಹಿಂದಿನ ಸಾಲಿಗಿಂತ ಮೊದಲು ಮುಂದಿನ ಸಾಲಿಗೆ ತಲುಪಿತು. ಕನ್ನಡ ಬಲ್ಲ ಗಿರಾಕಿಗಳು ಶಿವರುದ್ರಪ್ಪನವರ ಕಡೆ ತಿರುಗಿದರು. ಅವರು ಎದ್ದರು, ವೇದಿಕೆಯ ಮೆಟ್ಟಿಲ ತನಕ ಬಂದರು. ಮಗಳು ಇಳಿದು ಬಂದು ಎದುರು ನಿಂತಳು. ಕೈ ಎತ್ತುತ್ತಾರೇನೋ ಅಂದುಕೊಂಡಳು. ಅವರು ಅಂಗೈ ಚಾಚಿದರು.

"ಅದನ್ನ ತಗದು ಕೊಡು. ಅದು ನಾ ಮಾಡಿಸಿದ್ದು."

ಅವಳು ಮಂಗಳಸೂತ್ರ ಬಿಚ್ಚಿ ಆ ಅಂಗೈಯ ಮೇಲಿಟ್ಟಳು. ಅಪ್ಪ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಹೊರಗೆ ಹೋದರು. ಕೇದಾರ ಮೈಕ್ ತೆಗೆದುಕೊಂಡು, ರೇಣು ಇನ್ನು ನಮ್ಮ ಕಂಪನಿಯಲ್ಲಿ ಇರುವುದಿಲ್ಲ ಎಂದು ಸಭೆಗೆ ತಿಳಿಸಿದ. ಆಮೇಲೆ ಫೋಟೋ ತೋರಿಸಲು ದೀಪ ಆರಿಸಿದರು.

*

ಹೊರಗೆ ಪೇಠದ ರಸ್ತೆಯಲ್ಲಿ ಸಂಜೆಯ ಸ್ಕೂಟರುಗಳು ಒಂದಕ್ಕೊಂದು ಹಾರನ್ ಹೊಡೆಯುತ್ತಿದ್ದವು. ಕ್ಲಾಸು ಬಿಟ್ಟ ಹುಡುಗಿಯರು ನಗುತ್ತಾ ಹೋಗುತ್ತಿದ್ದರು. ರೇಣು ಕಟ್ಟೆಯ ಮೇಲೆ ಕೂತಿದ್ದಳು. ಕುತ್ತಿಗೆ ಹಗುರವಾಗಿತ್ತು, ಎದೆ ಮಾತ್ರ ಕಲ್ಲಿನ ಹಾಗೆ ಭಾರ. ನಾನು ಗೆದ್ದೆನೋ ಸೋತೆನೋ... ಅವಳಿಗೆ ಗೊತ್ತಾಗಲಿಲ್ಲ.

ಕೋಲಿನ ಸದ್ದು ಅವಳ ಹತ್ತಿರ ಬಂದು ನಿಂತಿತು.

"ಉತ್ತರ ಸಿಕ್ತು," ಅಂದ ಪುನೀತ. "ಒಳ್ಳೆ ಉತ್ತರ ಏನಲ್ಲ."

"ಗೊತ್ತದರಿ."

"ಮರೆತೆ ಅಂದಿದ್ರೆ ಎದ್ದು ಹೋಗ್ತಿದ್ದೆ."

ಅವಳು ತಲೆ ತಗ್ಗಿಸಿದಳು. ಅವನು ಕಷ್ಟಪಟ್ಟು ಪಕ್ಕದಲ್ಲಿ ಕೂತ, ಕಾಲನ್ನು ನೀಳವಾಗಿ ಚಾಚಿಕೊಂಡ. ನೋವು ಇನ್ನೂ ಇದೆಯಾ ಎಂದು ಕೇಳಿದಳು. ಇದೆ ಎಂದ. ಮುಚ್ಚಿಡಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅಷ್ಟು ಸಿಟ್ಟು ಇಟ್ಟುಕೊಳ್ಳುವ ಹಕ್ಕು ಅವನಿಗಿತ್ತು.

ಸಿಂಧೂರ ಮೊನ್ನೆ ಕಾಲು ನೋಡಲು ಬಂದಿದ್ದಳಂತೆ. ಕೋರ್ಟಿನಲ್ಲಿ ಇನ್ನೊಂದು ತಾರೀಖು ಉಳಿದಿದೆಯಂತೆ. ಅದು ಮುಗಿಯುವ ತನಕ ನಾನು ನಿಮ್ಮನ್ನು ಏನೂ ಕೇಳುವುದಿಲ್ಲ ಎಂದ. ಕೇಳದಿದ್ದರೂ ನಾನು ಕಾಯುತ್ತೇನೆ ಎಂದು ಅವಳು ಮನಸ್ಸಿನಲ್ಲೇ ಅಂದುಕೊಂಡಳು. ಬಾಯಲ್ಲಿ ಬಂದದ್ದು ಬೇರೆ.

"ನನ್ನ ಕಡೆ ಈಗ ಏನೂ ಇಲ್ರಿ. ಕೆಲಸ ಹೋತು. ಮನಿಗೆ ಹೋದ್ರ ಅಪ್ಪ ಬಾಗಲಾ ತಗೀತಾನೋ ಇಲ್ಲೋ."

ಪುನೀತ ಕೋಲೆತ್ತಿ ರಿಕ್ಷಾ ನಿಲ್ಲಿಸಿದ. ಅವಳು ಒಳಗೆ ಕೂತಳು. ಅವನು ಕಾಲನ್ನು ಒಳಗೆಳೆದುಕೊಂಡು ಪಕ್ಕದಲ್ಲಿ ಕೂತ.

"ನಿಮ್ಮ ಮನೆಗೇ ಹೋಗೋಣ," ಅಂದ. "ಬಾಗಿಲು ತೆಗೆಯೋವರೆಗೂ ಆಚೆ ನಿಂತಿರ್ತೀನಿ. ಕಾಯೋದು ನನಗೆ ಅಭ್ಯಾಸ ಆಗಿದೆ."

ಆ ಮಾತು ಚುಚ್ಚಿತು. ಚುಚ್ಚಲೆಂದೇ ಆಡಿದ್ದ. ಆದರೂ ಅವನ ಎಡಗೆನ್ನೆಯಲ್ಲಿ ಆ ಗುಳಿ ಅರೆಗಳಿಗೆ ಕಂಡು ಮಾಯವಾಯಿತು. ರೇಣುವಿನ ಕಣ್ಣಲ್ಲಿ ಇಷ್ಟು ಹೊತ್ತು ತಡೆದಿದ್ದ ನೀರು ಇಳಿಯಿತು.

ರಿಕ್ಷಾದವನು ಹೊರಡಲೇ ಎಂದು ಮರಾಠಿಯಲ್ಲಿ ಅವಸರಪಡಿಸಿದ. ಪುನೀತ ಅವನ ಭುಜ ಮುಟ್ಟಿ ತಡೆದ. ತನ್ನ ಹರಕು ಮುರುಕು ಮರಾಠಿಯಲ್ಲಿ ರೇಣುವನ್ನು ಕೇಳಿದ.

"ಜೋಡಿ ಆಹೇ?"

ಅವಳು ಕಣ್ಣೀರು ಒರೆಸಿಕೊಂಡು ಪೂರ್ತಿ ಅವನ ಕಡೆ ತಿರುಗಿದಳು. ಗಡ್ಡ ಬೆಳೆದಿತ್ತು, ಕಣ್ಣು ಒಳಗೆ ಹೋಗಿದ್ದವು, ತುಟಿಯ ಪಕ್ಕ ಕಲ್ಲು ತರಚಿದ ಗುರುತು ಇನ್ನೂ ಇತ್ತು. ಪದ್ಧತಿಯ ಪ್ರಕಾರ, ಕಣ್ಣಾರೆ, ಎಲ್ಲವನ್ನೂ ನೋಡಿದಳು.

"ಅದಾರ್ರಿ," ಅಂದಳು.

ರಿಕ್ಷಾ ಹೊರಟಿತು.